"ಮಗೂಗೆ ಏನೂ ಇಲ್ಲ ಅಂತ ಬರೆದುಬಿಡಿ"

ಬೆಳವಣಿಗೆ ಹಾರ್ಮೋನ್ ಕೊರತೆ ಇರುವ ಮಕ್ಕಳ ಅಪ್ಪ ಅಮ್ಮ ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬರುವುದು ಎತ್ತರದ ಚಿಂತೆಗಲ್ಲ. ಅದಕ್ಕೆ ಡಾಕ್ಟರ್ ಇದ್ದಾರೆ. ಬರುವುದು ಮನೆಯ ಜಗಳಕ್ಕೆ, ಮತ್ತೆ ಜಗಳದ ಬುಡದಲ್ಲಿ ಹೆಚ್ಚಿನ ಸಲ ದುಡ್ಡೇ ಇರುತ್ತದೆ. ಇಂಥ ಒಂದು ಪ್ರಕರಣವನ್ನು ಗುರುತು ಸಿಗದಂತೆ ಬದಲಿಸಿ ಬರೆಯುತ್ತಿದ್ದೇನೆ.

ವಿಜಯನಗರದ ಕಡೆಯ ಕುಟುಂಬ. ಮಗಳು ಮೂರನೇ ಕ್ಲಾಸು. ಆ ವಯಸ್ಸಿನಲ್ಲಿ ಮಕ್ಕಳು ವರ್ಷಕ್ಕೆ ಸುಮಾರು 5 ಸೆಂ.ಮೀ. ಬೆಳೆಯುತ್ತಾರೆ, ಇವಳು ಮೂರೂ ದಾಟಿರಲಿಲ್ಲ. ಎಡಗೈ ಎಕ್ಸ್‌ರೇ, ರಕ್ತ ಪರೀಕ್ಷೆ, ಎಂಆರ್‌ಐ ಎಲ್ಲ ಆಗಿ ಕೊರತೆ ಖಚಿತವಾಗಿತ್ತು. ದಿನಾ ರಾತ್ರಿ ಇಂಜೆಕ್ಷನ್. ಅಪ್ಪನ ಕಂಪನಿಯ ಗುಂಪು ವಿಮೆ ಔಷಧಿ ಖರ್ಚಿನ ದೊಡ್ಡ ಪಾಲು ಕೊಡುತ್ತಿತ್ತು. ಈಗ ಅವರಿಗೆ ಬೇರೆ ಕಡೆ ಜಾಸ್ತಿ ಸಂಬಳದ ಕೆಲಸ ಸಿಕ್ಕಿತ್ತು. ಹೋಗಬೇಕು ಅಂತ ಅವರು, ಬೇಡ ಅಂತ ಹೆಂಡತಿ.

ಎರಡನೇ ಭೇಟಿಗೆ ಮಗಳನ್ನೂ ಕರೆತಂದರು. ಅವಳು ಮೂಲೆಯಲ್ಲಿ ಬಣ್ಣ ತುಂಬುತ್ತಿದ್ದಳು. ಅಪ್ಪ ತಮ್ಮ ಯೋಜನೆ ವಿವರಿಸಿದರು: ಏಜೆಂಟ್ ಮೂಲಕ 25 ಲಕ್ಷದ ಹೊಸ ಆರೋಗ್ಯ ವಿಮೆ ಪಾಲಿಸಿ, ಅರ್ಜಿಯಲ್ಲಿ ಮಗಳ ಕಾಯಿಲೆ ಬರೆಯುವುದಿಲ್ಲ. "ಎಲ್ಲರೂ ಹಾಗೇ ಮಾಡೋದು ಮೇಡಂ."

ಹುಡುಗಿ ತಲೆ ಎತ್ತದೆ ಕೇಳಿದಳು: "ಆಂಟಿ, ಅಪ್ಪ ಫೋನಲ್ಲಿ 'ಮಗೂಗೆ ಏನೂ ಇಲ್ಲ ಅಂತ ಬರೆದುಬಿಡಿ' ಅಂದ್ರು. ಏನೂ ಇಲ್ಲ ಅಂದ್ರೆ ನಂಗೆ ದಿನಾ ಯಾಕೆ ಚುಚ್ತಾರೆ?"

ಅಮ್ಮ ಅಳು ತಡೆಯಲಿಲ್ಲ. ಮಗಳಿಗೆ ಅದು ವಿಟಮಿನ್ ಇಂಜೆಕ್ಷನ್ ಅಂತ ಹೇಳಿದ್ದರಂತೆ. ಹುಡುಗಿ ಮಾತ್ರ, ತಾನು ಮಾಡಿದ ಯಾವುದೋ ತಪ್ಪಿಗೆ ಇದು ಶಿಕ್ಷೆ ಅಂದುಕೊಂಡಿದ್ದಳು.

ಆಪ್ತಸಲಹೆಗಾರರಿಗೆ ವಿಮೆಯ ಉಸಾಬರಿ ಯಾಕೆ ಅಂತ ಕೆಲವರು ಕೇಳುತ್ತಾರೆ. ಈ ಮನೆಯಲ್ಲಿ ಅರ್ಜಿಯ ಸುಳ್ಳು ಮಗುವಿನ ಕಿವಿಗೆ ಬಿದ್ದಿತ್ತು. ಅದನ್ನು ಬಿಟ್ಟು ಬರೀ ಮನಸ್ಸಿನ ಮಾತಾಡಿದರೆ ಏನು ಪ್ರಯೋಜನ?

ಅಪ್ಪನಿಗೆ ನೇರವಾಗಿಯೇ ಹೇಳಿದೆ. ನಮ್ಮಲ್ಲಿ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ದುಡ್ಡು ಕೊಡುತ್ತವೆ. ಫ್ರಿಜ್‌ನಿಂದ ತೆಗೆದು ಮನೆಯಲ್ಲೇ ಕೊಡುವ ಇಂಜೆಕ್ಷನ್ ಅದರಲ್ಲಿ ಬರುವುದಿಲ್ಲ. ಅಂದರೆ ನಿಜ ಬರೆದರೂ ಅಷ್ಟೇ, ಮುಚ್ಚಿಟ್ಟರೂ ಅಷ್ಟೇ, 25 ಲಕ್ಷ ಈ ಔಷಧಿಗೆ ಸಿಗುವುದಿಲ್ಲ. ನಿಜ ಬರೆದರೆ ಮೊದಲೇ ಇರುವ ಕಾಯಿಲೆಗೆ ಕಾಯಿಸುವ ಅವಧಿ, ಅಂದರೆ ಅದಕ್ಕೆ ದುಡ್ಡು ಸಿಗದ ಆರಂಭದ ಕಾಲ, ಹೆಚ್ಚೆಂದರೆ 3 ವರ್ಷ, 2024ರ ನಿಯಮ ಹಾಗಿದೆ. ಮುಚ್ಚಿಟ್ಟರೆ ನಾಳೆ ಮನೆಯವರೆಲ್ಲರ ಪಾಲಿಸಿಯೇ ರದ್ದಾಗಬಹುದು. ಇಂಥ ಸುಳ್ಳಿನಿಂದ ಏನು ಉಳಿಯುತ್ತದೆ ಹೇಳಿ?

ಕೇಳಬೇಕಾದದ್ದು ಬೇರೆ. ಹೊಸ ಕಂಪನಿಯ ಗುಂಪು ವಿಮೆಯಲ್ಲಿ ಹಳೇ ಕಾಯಿಲೆಗೆ ಮೊದಲ ದಿನದಿಂದಲೇ ರಕ್ಷಣೆ ಇದೆಯಾ? ದಾಖಲಾಗದೆ ತೆಗೆದುಕೊಳ್ಳುವ ಔಷಧಿಗೆ, ಅಂದರೆ ಒಪಿಡಿಗೆ, ವರ್ಷಕ್ಕೆ ಎಷ್ಟು ಮಿತಿ? ಹಾರ್ಮೋನ್ ಚಿಕಿತ್ಸೆಯನ್ನೇ ಹೊರಗಿಟ್ಟಿದ್ದಾರಾ? ಆಫರ್ ಒಪ್ಪುವ ಮೊದಲೇ ಎಚ್‌ಆರ್‌ಗೆ ಮೇಲ್ ಹಾಕಿ ಲಿಖಿತ ಉತ್ತರ ತರಿಸಿಕೊಳ್ಳಿ ಅಂದೆ. ಲೆಕ್ಕ ಹಾಕುವಾಗ ಈ ವರ್ಷದ ಬಿಲ್ ಮಾತ್ರ ನೋಡಬೇಡಿ. ಡೋಸ್ ತೂಕದ ಮೇಲೆ ನಿಲ್ಲುತ್ತದೆ, ಮಗು ಬೆಳೆದಂತೆ ಖರ್ಚೂ ಏರುತ್ತದೆ. ಮೂಳೆಯ ತುದಿಗಳು ಕೂಡಿಕೊಳ್ಳುವ ಹೊತ್ತಿನವರೆಗೂ, ಅಂದರೆ ಹದಿಹರೆಯದವರೆಗೂ ಇದು ನಡೆಯಬಹುದು. ದುಡ್ಡಿಲ್ಲ ಅಂತ ನಡುನಡುವೆ ನಿಲ್ಲಿಸಿದರೆ, ಕಳೆದ ತಿಂಗಳುಗಳ ಬೆಳವಣಿಗೆಯನ್ನು ಆಮೇಲೆ ತುಂಬಿಕೊಳ್ಳುವುದು ಕಷ್ಟ.

ಮಗಳಿಗೆ ನಿಜ ಹೇಳುವ ಕೆಲಸವನ್ನು ಅಪ್ಪನಿಗೇ ಬಿಟ್ಟೆ. ಅಲ್ಲೇ, ನನ್ನ ಎದುರಿಗೇ ಹೇಳಿದರು: "ನಿನ್ನ ಮೈಯಲ್ಲಿ ಬೆಳೆಯೋಕೆ ಬೇಕಾದ ಒಂದು ರಸ ಕಡಿಮೆ ಇದೆ ಪುಟ್ಟಿ. ಅದನ್ನ ಸೂಜೀಲಿ ಕೊಡ್ತಾ ಇದೀವಿ. ನೀನು ಏನೂ ತಪ್ಪು ಮಾಡಿಲ್ಲ." ಅವಳು ಕೇಳಿದ್ದು ಒಂದೇ, "ಹಾಗಾದ್ರೆ ಎಡಗಾಲಿಗೋ ಬಲಗಾಲಿಗೋ ಅಂತ ನಾನೇ ಹೇಳ್ಲಾ?"

ಎಚ್‌ಆರ್‌ನಿಂದ ಉತ್ತರ ಬಂತು. ಒಪಿಡಿ ಮಿತಿ ಎರಡು ತಿಂಗಳ ಔಷಧಿಗೂ ಸಾಲುತ್ತಿರಲಿಲ್ಲ. ಏರುವ ಸಂಬಳದಲ್ಲಿ ಉಳಿದ ತಿಂಗಳುಗಳ ಖರ್ಚು ಕಳೆದು ನೋಡಿದ ಗಂಡ ಹೆಂಡತಿ, ಸದ್ಯಕ್ಕೆ ಹಳೇ ಕೆಲಸವೇ ಇರಲಿ ಅಂತ ಒಟ್ಟಿಗೇ ತೀರ್ಮಾನಿಸಿದರು.