ಮುದಿ ಬೆಕ್ಕಿಗೆ ಇನ್ಸುಲಿನ್ ಬೇಕಾ?

ಪ್ರಶ್ನೆ: ನಮ್ಮ ಬೆಕ್ಕಿಗೆ 13 ವರ್ಷ. ಸಕ್ಕರೆ ಕಾಯಿಲೆಯಂತೆ. ಈ ವಯಸ್ಸಲ್ಲಿ ದಿನಾ ಸೂಜಿ ಚುಚ್ಚುವುದು ಹಿಂಸೆ ಅಲ್ವಾ?
– ಓದುಗರು, ಸಕಲೇಶಪುರ

ಉತ್ತರ: ಬರೀ ವಯಸ್ಸು ನೋಡಿ ಕೈಬಿಡಬೇಡಿ. ಹೆದರಿದ ಬೆಕ್ಕಿಗೆ ಸಕ್ಕರೆ ಸುಮ್ನೆ ಏರುತ್ತದೆ, ಹಾಗಾಗಿ ಒಂದೇ ಸಲದ ರಕ್ತ ಪರೀಕ್ಷೆ ನಂಬದೆ ಹಿಂದಿನ ಒಂದೆರಡು ವಾರಗಳ ಸರಾಸರಿ ಸಕ್ಕರೆ ತೋರಿಸುವ ಫ್ರಕ್ಟೊಸಮೈನ್ ಪರೀಕ್ಷೆಯನ್ನೂ ಮಾಡಿಸಿ, ಕಿಡ್ನಿ ಹೇಗಿದೆ ಅಂತಲೂ ಕೇಳಿ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಸೂಜಿ ತೀರಾ ಸಣ್ಣದು, ಬೆಕ್ಕು ತಿನ್ನುತ್ತಾ ಗಮನಿಸದೆಯೂ ಇರಬಹುದು. ಕಷ್ಟ ನಿಮಗೇ! ಸಾಮಾನ್ಯವಾಗಿ 12 ಗಂಟೆಗೊಮ್ಮೆ ಕೊಡಬೇಕು, ಕಾಫಿ ಕೊಯ್ಲಿನ ದಿನಗಳಲ್ಲಿ ಮನೆಯಲ್ಲಿ ಯಾರಿರುತ್ತಾರೆ ಅಂತ ಮೊದಲು ಯೋಚಿಸಿ. ಬೇಗ ಶುರು ಮಾಡಿ, ವೈದ್ಯರು ಹೇಳಿದಂತೆ ಅನ್ನ ಬಿಡಿಸಿ ಮಾಂಸದ ಊಟ ಕೊಟ್ಟರೆ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ನೇ ನಿಲ್ಲಿಸಬಹುದು. ಊಟ ಬಿಟ್ಟ ದಿನ ಮಾತ್ರ ವೈದ್ಯರನ್ನು ಕೇಳದೆ ಚುಚ್ಚಬೇಡಿ.