ಕಲ್ಲಿನ ವಯಸ್ಸು ಬೇರೆ, ಬೆಟ್ಟದ ವಯಸ್ಸು ಬೇರೆ

ಪರ್ವತಗಳು ಹೇಗೆ ಎದ್ದವು ಎಂಬುದೇ ನನ್ನ ಅಧ್ಯಯನದ ವಿಷಯ. ಓದುಗರ ಪತ್ರಗಳಲ್ಲಿ ಕೆಲವು ಪ್ರಶ್ನೆಗಳು ಎಷ್ಟು ಸಲ ಉತ್ತರಿಸಿದರೂ ಮರಳಿ ಬರುತ್ತಿವೆ, ಜೊತೆಗೆ ತಪ್ಪು ಉತ್ತರಗಳನ್ನೂ ಹೊತ್ತು ತರುತ್ತಿವೆ. ಭಾರತದ ಭೂಫಲಕ ಯುರೇಷ್ಯಾಕ್ಕೆ ಗುದ್ದಿ ಹಿಮಾಲಯ ಎದ್ದಿತು ಎಂಬುದು ಶಾಲೆಯ ಪುಸ್ತಕದಲ್ಲೇ ಇದೆ. ಅದನ್ನು ಇಲ್ಲಿ ಮತ್ತೆ ವಿವರಿಸುವುದಿಲ್ಲ.

ಎವರೆಸ್ಟ್ ತುದಿಯ ಕಲ್ಲಿಗೆ 45 ಕೋಟಿ ವರ್ಷ ಅನ್ನುತ್ತೀರಿ, ಹಿಮಾಲಯಕ್ಕೆ 5 ಕೋಟಿ ವರ್ಷ ಅನ್ನುತ್ತೀರಿ. ಎರಡರಲ್ಲಿ ಒಂದು ಸುಳ್ಳಲ್ಲವೇ?

ಎರಡೂ ನಿಜ. ಕಲ್ಲು ಹುಟ್ಟಿದ ಕಾಲವನ್ನೂ ಬೆಟ್ಟ ಎದ್ದ ಕಾಲವನ್ನೂ ಒಂದೇ ಎಂದುಕೊಂಡಿದ್ದರಿಂದ ಬಂದ ಗೊಂದಲ ಇದು. ಪತ್ರಿಕೆಗಳೂ ಇದನ್ನೇ ಬರೆಯುತ್ತವೆ ಎಂಬುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಎವರೆಸ್ಟ್ ತುದಿಯಲ್ಲಿರುವುದು ಆರ್ಡೊವಿಶಿಯನ್ ಯುಗದ, ಅಂದರೆ ಆ 45 ಕೋಟಿ ವರ್ಷದ ಹಿಂದಿನ, ಸುಣ್ಣಕಲ್ಲು. ಅದನ್ನು ತೆಳುವಾಗಿ ತೇಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಟ್ರೈಲೋಬೈಟ್, ಕ್ರಿನಾಯ್ಡ್ ಎಂಬ ಸಮುದ್ರಜೀವಿಗಳ ಚಿಪ್ಪಿನ ಚೂರುಗಳು ಕಾಣುತ್ತವೆ. ಆಳವಿಲ್ಲದ ಸಮುದ್ರದ ತಳದ ಕೆಸರು ಅದು. ಅಲ್ಲಿ ಆಗ ಬೆಟ್ಟದ ಸುಳಿವೂ ಇರಲಿಲ್ಲ. (ಇದು ಪ್ರಳಯಕ್ಕೆ ಸಾಕ್ಷಿಯೇ ಎಂದು ಕೇಳುವವರಿಗೂ ಇದೇ ಉತ್ತರ: ನೀರು ಶಿಖರಕ್ಕೆ ಏರಲಿಲ್ಲ, ಸಮುದ್ರದ ತಳವೇ ಮೇಲೆದ್ದಿತು.)

5 ಕೋಟಿ ಎಂಬ ಲೆಕ್ಕ ಬೇರೆ ಕಡೆಯಿಂದ ಬಂದದ್ದು. ಎರಡು ಭೂಖಂಡಗಳ ನಡುವೆ ಟೆಥಿಸ್ ಸಮುದ್ರವಿತ್ತು. ಲಡಾಖ್‌ನ ಝನ್ಸ್ಕಾರ್‌ನಲ್ಲಿ ಅದರ ಕೊನೆಯ ಸುಣ್ಣಕಲ್ಲಿನ ಪದರಗಳಿವೆ. ಅವುಗಳ ತುಂಬ ನ್ಯುಮ್ಯುಲೈಟ್ ಎಂಬ ನಾಣ್ಯದಾಕಾರದ ಚಿಪ್ಪುಗಳು. ಅವುಗಳ ಕಾಲ ಸುಮಾರು 5 ಕೋಟಿ ವರ್ಷದ ಹಿಂದೆ. ಅದರ ಮೇಲೆ ಸಮುದ್ರದ ಪದರಗಳು ಸಿಗುವುದಿಲ್ಲ. ಅಂದರೆ ಅಷ್ಟರಲ್ಲಿ ಸಮುದ್ರ ಮುಚ್ಚಿಹೋಗಿ ಭೂಖಂಡಗಳು ಒಂದಕ್ಕೊಂದು ತಾಗಿದ್ದವು. ಶಿಖರಗಳು ಅಂದೇ ಆಕಾಶ ಮುಟ್ಟಿದವು ಎಂದು ಇದರಿಂದ ತಿಳಿಯಬೇಡಿ.

ಮತ್ತೊಂದು ವಯಸ್ಸೂ ಇದೆ. ನನ್ನ ಕೆಲಸದ ಬಹುಪಾಲು ಅದರದ್ದೇ. ಬೆಟ್ಟದ ಶಿಲೆಗಳಲ್ಲಿ ಅಪಟೈಟ್ ಎಂಬ ಖನಿಜದ ಸಣ್ಣ ಹರಳುಗಳಿರುತ್ತವೆ. ಅವುಗಳೊಳಗಿನ ಯುರೇನಿಯಂ ಪರಮಾಣು ಆಗೊಮ್ಮೆ ಈಗೊಮ್ಮೆ ತಾನಾಗಿ ಒಡೆದು ಹರಳಿನಲ್ಲಿ ಗೀರು ಬಿಡುತ್ತದೆ. ಗೀರಿನ ಉದ್ದ ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಭಾಗವೂ ಇಲ್ಲ. ಶಿಲೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಿದ್ದರೆ ಗೀರು ಮಾಸುತ್ತದೆ, ತಣ್ಣಗಾದರೆ ಉಳಿಯುತ್ತದೆ. ಅಷ್ಟು ಬಿಸಿ ಸಿಗುವುದು ಸಾಮಾನ್ಯವಾಗಿ ನೆಲದಿಂದ ಮೂರು, ನಾಲ್ಕು ಕಿಲೋಮೀಟರ್ ಆಳದಲ್ಲಿ. ಆದ್ದರಿಂದ ಗೀರುಗಳನ್ನೂ ಯುರೇನಿಯಂ ಪ್ರಮಾಣವನ್ನೂ ಅಳೆದರೆ, ಆ ಕಲ್ಲು ಅಷ್ಟು ಆಳವನ್ನು ದಾಟಿ ಮೇಲೆ ಬಂದದ್ದು ಯಾವಾಗ ಎಂದು ತಿಳಿಯುತ್ತದೆ.

ಹೇಳುವಷ್ಟು ಸುಲಭದ ಕೆಲಸವಲ್ಲ ಇದು. ಒಂದೊಂದು ಜಾಗದಿಂದ ಕೆಲವು ಕಿಲೋ ಕಲ್ಲು ಹೊತ್ತು ತರಬೇಕು. ಪುಡಿ ಮಾಡಿ, ಜರಡಿ ಹಿಡಿದು, ಭಾರದ ಖನಿಜಗಳನ್ನು ಬೇರ್ಪಡಿಸಿ, ಮರಳಿಗಿಂತ ದಪ್ಪವಲ್ಲದ ಹರಳುಗಳನ್ನು ಸೂಜಿ ತುದಿಯಿಂದ ಒಂದೊಂದಾಗಿ ಆರಿಸಬೇಕು. ನಯ ಮಾಡಿದ ಹರಳನ್ನು ನೈಟ್ರಿಕ್ ಆಮ್ಲದಲ್ಲಿ ಕೆಲವೇ ಸೆಕೆಂಡು ಅದ್ದಿ ತೆಗೆದರೆ ಗೀರುಗಳು ಕಪ್ಪು ಕೂದಲೆಳೆಯಂತೆ ತೆರೆದುಕೊಳ್ಳುತ್ತವೆ. ಆಮೇಲೆ ಕುಳಿತು ಎಣಿಸಬೇಕು. ಕಣಿವೆಯ ತಳದಿಂದ ಶಿಖರದ ಕಡೆಗೆ ಬೇರೆ ಬೇರೆ ಎತ್ತರದ ಮಾದರಿಗಳಿದ್ದರೆ ಬೆಟ್ಟ ಎಷ್ಟು ವೇಗವಾಗಿ ಸವೆದಿದೆ ಎಂಬುದೂ ಹೊರಬೀಳುತ್ತದೆ. ಅದಕ್ಕೇ ಎತ್ತರ ಬರೆಯದ ಚೀಲದ ಕಲ್ಲನ್ನು ನಾನು ನೇರವಾಗಿ ಹೊರಗೆಸೆಯುತ್ತೇನೆ, ವಿದ್ಯಾರ್ಥಿಗಳು ಎಷ್ಟು ಬೇಡಿಕೊಂಡರೂ ಸರಿ.

ಹಿಮಾಲಯದ ಪಶ್ಚಿಮ ತುದಿಯ ನಂಗಾ ಪರ್ಬತ್ ಶಿಖರ ನೋಡಿ. ಅಲ್ಲಿನ ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆಯಲ್ಲಿ, ಕಲ್ಲು ಹುಟ್ಟಿದ ಕಾಲ ಹೇಳುವ ಜಿರ್ಕಾನ್ ಎಂಬ ಖನಿಜದ ಹರಳುಗಳು 180 ಕೋಟಿ ವರ್ಷಕ್ಕೂ ಹಳೆಯವು. ಅದೇ ಬೆಟ್ಟದ ಅಪಟೈಟ್ ಗೀರುಗಳಲ್ಲಿ ಹಲವಕ್ಕೆ 10 ಲಕ್ಷ ವರ್ಷವೂ ಆಗಿಲ್ಲ. ಅಷ್ಟು ಹಳೆಯ ಶಿಲೆ ಕಿಲೋಮೀಟರ್‌ಗಟ್ಟಲೆ ಆಳದಿಂದ ಭೂಮಿಯ ಲೆಕ್ಕದಲ್ಲಿ ನಿನ್ನೆಮೊನ್ನೆ ಮೇಲೆ ಬಂದಿದೆ, ಅದರ ಮೇಲಿದ್ದದ್ದನ್ನೆಲ್ಲ ಹಿಮನದಿಗಳೂ ಸಿಂಧೂ ನದಿಯೂ ಕೊಚ್ಚಿ ಒಯ್ದಿವೆ.

ಇಲ್ಲೊಂದು ಎಚ್ಚರಿಕೆ. ಕಲ್ಲು ಮೇಲೆ ಬಂತು ಅಂದ ಮಾತ್ರಕ್ಕೆ ಶಿಖರ ಎತ್ತರವಾಯಿತು ಎಂದಲ್ಲ. ಮೇಲಿನದು ಸವೆದಷ್ಟೇ ಕೆಳಗಿನದು ಏರಿದರೆ ಎತ್ತರ ಇದ್ದಷ್ಟೇ ಇರುತ್ತದೆ. ಗೀರುಗಳ ವಯಸ್ಸು ತೋರಿಸಿ ‘ಈ ಬೆಟ್ಟ ಇಂಥ ಕಾಲದಲ್ಲಿ ಇಷ್ಟು ಎತ್ತರವಾಯಿತು’ ಎಂದು ಯಾರಾದರೂ ಹೇಳಿದರೆ ಬೇರೆ ಪುರಾವೆ ಕೇಳಿ. ಒಂದೇ ವಿಧಾನವನ್ನು ನಂಬಿ ಬರೆದ ಬೆಟ್ಟದ ಚರಿತ್ರೆಗೆ ನಾನು ಸಹಿ ಹಾಕುವುದಿಲ್ಲ.

ನಮ್ಮ ಬೆಟ್ಟದ ಬಂಡೆಗೆ ಕಾರ್ಬನ್ ಡೇಟಿಂಗ್ ಮಾಡಿಸಿದೆವು, 12,000 ವರ್ಷ ಎಂದು ಪ್ರಮಾಣಪತ್ರ ಕೊಟ್ಟಿದ್ದಾರೆ. ಸರಿಯೇ?

ನಿಮಗೆ ಮೋಸ ಮಾಡಿದ್ದಾರೆ. ಆ ವಿಧಾನ ಒಂದು ಕಾಲದಲ್ಲಿ ಜೀವವಿದ್ದ ಮರ, ಮೂಳೆ, ಇದ್ದಿಲಿನಂಥವಕ್ಕೆ. ಅದು ಅಳೆಯುವ ಕಾರ್ಬನ್-14ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕಿಳಿಯಲು ಬೇಕಾದ ಕಾಲ, 5,730 ವರ್ಷ. ಸುಮಾರು 50,000 ವರ್ಷದಾಚೆ ಅಳೆಯುವಷ್ಟು ಅದು ಉಳಿಯುವುದೇ ಇಲ್ಲ. ಗ್ರಾನೈಟ್ ಬಂಡೆಗೆ ಕಾರ್ಬನ್ ಡೇಟಿಂಗ್ ಮಾಡಿದ್ದೇನೆ ಎನ್ನುವವನಿಗೆ ಕಲ್ಲೂ ಗೊತ್ತಿಲ್ಲ, ಕಾರ್ಬನ್ನೂ ಗೊತ್ತಿಲ್ಲ. ಕೊಟ್ಟ ಹಣ ವಾಪಸ್ ಕೇಳಿ.

ಗ್ರಹಗಳು ಒಂದೇ ಸಾಲಿಗೆ ಬಂದಾಗ ಹಿಮಾಲಯದಲ್ಲಿ ಭೂಕಂಪವಾಗುತ್ತದೆಯೇ?

ಇಲ್ಲ. ಭೂಕಂಪದ ದಿನಾಂಕವನ್ನು ಮೊದಲೇ ಹೇಳಲು ಯಾರಿಗೂ ಬರುವುದಿಲ್ಲ. ಹಾಗೆ ಹೇಳುವ ವಿಡಿಯೊಗಳನ್ನು ದಯವಿಟ್ಟು ಯಾರಿಗೂ ಕಳಿಸಬೇಡಿ.

ಅಮೆರಿಕದ ಡೆವಿಲ್ಸ್ ಟವರ್ ಎಂಬ, ಕಲ್ಲುಕಂಬಗಳನ್ನು ಜೋಡಿಸಿಟ್ಟಂತಿರುವ ಗುಡ್ಡ ಪ್ರಾಚೀನ ಮಹಾವೃಕ್ಷದ ಬೊಡ್ಡೆಯಂತೆ, ಹೌದೇ?

ಅಲ್ಲ. ಶಿಲಾಪಾಕ, ಅಂದರೆ ನೆಲದೊಳಗಿನ ಕರಗಿದ ಕಲ್ಲು, ತಣ್ಣಗಾಗಿ ಕುಗ್ಗುವಾಗ ಬಿರಿದು ಆದ ಕಂಬಗಳು ಅವು.

2015ರ ನೇಪಾಳ ಭೂಕಂಪದಲ್ಲಿ ಎವರೆಸ್ಟ್ ಕುಸಿಯಿತೇ?

ಕುಸಿಯಲಿಲ್ಲ, ನೈಋತ್ಯಕ್ಕೆ ಸುಮಾರು 3 ಸೆಂ.ಮೀ. ಸರಿಯಿತು. 2020ರಲ್ಲಿ ಪ್ರಕಟವಾದ ಎತ್ತರ 8,848.86 ಮೀಟರ್.

ಭೂವಿಜ್ಞಾನ ಓದಿ ಪರ್ವತಗಳಲ್ಲಿ ಕೆಲಸ ಮಾಡುವಾಸೆ. ಯಾವ ಸುತ್ತಿಗೆ ಕೊಳ್ಳಲಿ?

ಸುತ್ತಿಗೆ ಆಮೇಲೆ. ಮೊದಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ದಿಕ್ಸೂಚಿ, ನೀರಿಗೆ ಹಾಳಾಗದ ಟಿಪ್ಪಣಿ ಪುಸ್ತಕ ಕೊಳ್ಳಿ. ಕಂಡದ್ದನ್ನು ಅಲ್ಲೇ ನಿಂತು ಚಿತ್ರ ಬಿಡಿಸಿ, ಕೋಣೆಗೆ ಬಂದು ನೆನಪಿನಿಂದ ಬೇಡ. ಸುತ್ತಿಗೆ ಹಿಡಿದ ದಿನದಿಂದ ಕಣ್ಣಿಗೆ ರಕ್ಷಣೆಯ ಕನ್ನಡಕ ಕಡ್ಡಾಯ, ಒಂದು ಸುತ್ತಿಗೆಯ ಮೇಲೆ ಇನ್ನೊಂದರಿಂದ ಹೊಡೆಯಲೇಬೇಡಿ. ಉಕ್ಕಿನ ಚೂರು ಸಿಡಿದು ಕಣ್ಣು ಹೋಗುತ್ತದೆ. ಮಳೆ ಬಂದ ಮೇಲೆ ರಸ್ತೆಗಾಗಿ ಕಡಿದ ಗುಡ್ಡದ ಬುಡದಲ್ಲಿ, ಎಷ್ಟೇ ಚೆಂದದ ಶಿಲೆ ತೆರೆದುಕೊಂಡಿದ್ದರೂ, ನಿಲ್ಲಬೇಡಿ.