ಕೇಳಲಿಲ್ಲವೆಂದ ಮಾತ್ರಕ್ಕೆ ವಕೀಲರ ಹಕ್ಕು ಹೋಗುವುದಿಲ್ಲ

ಪ್ರಶ್ನೆ: ಡೊಂಬಿವಲಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ನನ್ನ ಅಕ್ಕನ ಮಗನನ್ನು ಗಲ್ಲಾಪೆಟ್ಟಿಗೆಯ ಹಣ ಕದ್ದ ಆರೋಪದ ಮೇಲೆ ಬಂಧಿಸಿದ್ದಾರೆ. ಮೊದಲ ದಿನ ಮ್ಯಾಜಿಸ್ಟ್ರೇಟರು ಮರಾಠಿಯಲ್ಲಿ ‘ವಕೀಲ್ ಆಹೇ ಕಾ?’ (ವಕೀಲರಿದ್ದಾರೆಯೆ?) ಎಂದು ಕೇಳಿದಾಗ ‘ನಾಹೀ’ ಎಂದಷ್ಟೇ ಹೇಳಿ ಸುಮ್ಮನಾದನಂತೆ. ಈಗ ಜೈಲಿನಲ್ಲಿದ್ದಾನೆ. ಅವನಾಗಿ ಕೇಳದ್ದರಿಂದ ಉಚಿತ ವಕೀಲರು ಸಿಗುವುದಿಲ್ಲ ಎನ್ನುತ್ತಾರೆ. ಊರಿನ ಜಮೀನು ಅಡವಿಡಬೇಕೆ?

ಉತ್ತರ: ದಯವಿಟ್ಟು ಜಮೀನಿನ ಕಾಗದ ಮುಟ್ಟಬೇಡಿ. ಹುಡುಗ ಹೇಳಿದ್ದು ‘ನಾಹೀ’ (ಇಲ್ಲ) ಎಂದು, ‘ನಕೋ’ (ಬೇಡ) ಎಂದಲ್ಲ. ವಕೀಲರಿಲ್ಲ ಎಂಬ ಆ ಉತ್ತರವನ್ನು ವಕೀಲರು ಬೇಡ ಎಂದು ಓದುವ ಅಧಿಕಾರ ಯಾರಿಗೂ ಇಲ್ಲ.

ನಿಮಗೆ ಹೇಳಿದಂಥದ್ದೇ ವಾದ ಸುಖ್ ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಅರುಣಾಚಲ ಪ್ರದೇಶದ ಸರ್ಕಾರಿ ನೌಕರರಾಗಿದ್ದ ಅವರ ಮೇಲೆ ಸಹಾಯಕ ಇಂಜಿನಿಯರರನ್ನು ಬೆದರಿಸಿದ ಆರೋಪವಿತ್ತು. ವಕೀಲರಿಲ್ಲದೆಯೇ ವಿಚಾರಣೆ ನಡೆದು 2 ವರ್ಷಗಳ ಶಿಕ್ಷೆಯಾಯಿತು. ಅವರು ವಕೀಲರನ್ನು ಕೇಳಿಯೇ ಇರಲಿಲ್ಲವಾದ್ದರಿಂದ ವಿಚಾರಣೆಯಲ್ಲಿ ದೋಷವಿಲ್ಲ ಎಂದು ಹೈಕೋರ್ಟು ಹೇಳಿತ್ತು. ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿದ್ದ ಪೀಠ 1986ರಲ್ಲಿ ಅದನ್ನು ಒಪ್ಪಲಿಲ್ಲ. ತಮಗೆ ಇಂಥ ಹಕ್ಕಿದೆಯೆಂದೇ ತಿಳಿಯದ ಬಡವರು ಅದನ್ನು ಕೇಳುವುದಾದರೂ ಹೇಗೆ, ಅರ್ಜಿ ಹಾಕಿದವರಿಗೆ ಮಾತ್ರ ನೆರವೆಂದರೆ ಕಾನೂನು ನೆರವೇ ಅಣಕವಾಗುವುದಿಲ್ಲವೆ ಎಂಬ ವಿಚಾರದ ಮೇಲೆ ಶಿಕ್ಷೆಯನ್ನು ರದ್ದುಪಡಿಸಿತು. ನಮ್ಮ ಮುಂಬಯಿಯ ಕಸಬ್ ಪ್ರಕರಣದ 2012ರ ತೀರ್ಪು, ಆರೋಪಿಯನ್ನು ಮೊದಲು ಹಾಜರುಪಡಿಸಿದಾಗಲೇ ಈ ಹಕ್ಕನ್ನು ತಿಳಿಸಿ, ಅವನಿಗೆ ಅನುಕೂಲವಿಲ್ಲದಿದ್ದರೆ ವಕೀಲರನ್ನು ಒದಗಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯವೆಂದಿತು. ಆದರೆ ಆ ಹಂತದಲ್ಲಿ ವಕೀಲರಿಲ್ಲದ ಮಾತ್ರಕ್ಕೆ ಮುಂದಿನ ವಿಚಾರಣೆ ತಾನಾಗಿ ರದ್ದಾಗದು ಎಂದೂ ಅದೇ ತೀರ್ಪು ಹೇಳಿದೆ, ಆದ್ದರಿಂದ ತಡಮಾಡಬೇಡಿ.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಬಂಧನದಲ್ಲಿರುವವರು ಉಚಿತ ವಕೀಲರನ್ನು ಪಡೆಯಲು ಆದಾಯದ ಮಿತಿ ಅಡ್ಡಬರುವುದಿಲ್ಲ. ಜಮೀನಿರುವುದನ್ನು ಮುಚ್ಚಿಡಬೇಕಾಗಿಯೂ ಇಲ್ಲ.

ಇನ್ನೊಂದು ಮಾತು. ನಮ್ಮವರಲ್ಲಿ ಅನೇಕರು ಉಚಿತ ವಕೀಲರನ್ನು ‘ಸರ್ಕಾರಿ ವಕೀಲರು’ ಎಂದು ಕರೆದು, ಅವರು ಪೊಲೀಸರ ಕಡೆಯವರೆಂದು ಹೆದರುತ್ತಾರೆ. ಸರ್ಕಾರಿ ವಕೀಲರು ಆರೋಪವನ್ನು ಸಾಬೀತುಪಡಿಸಲು ನಿಂತವರು. ಕಾನೂನು ಸೇವಾ ಪ್ರಾಧಿಕಾರ ನೇಮಿಸುವ ಉಚಿತ ವಕೀಲರು ನಿಮ್ಮ ಹುಡುಗನ ಪರವಾಗಿಯೇ ವಾದಿಸುವವರು. ಈ ಗೊಂದಲದಿಂದ ಸಾಲಕ್ಕೆ ಬಿದ್ದ ಕುಟುಂಬಗಳನ್ನು ಕಂಡು ನನಗೆ ಸಂಕಟವಾಗಿದೆ.

ಮುಂದಿನ ತಾರೀಖಿಗೆ ಮೊದಲೇ ನ್ಯಾಯಾಲಯದ ಆವರಣದಲ್ಲಿ ‘ವಿಧೀ ಸೇವಾ’ (ಕಾನೂನು ಸೇವೆ) ಎಂಬ ಮರಾಠಿ ಫಲಕವಿರುವ ಕಚೇರಿಗೆ ಹೋಗಿ, ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಎಫ್‌ಐಆರ್ ಪ್ರತಿ ಕೈಯಲ್ಲಿರಲಿ. ಹುಡುಗನಿಗೆ ಮರಾಠಿ ಸರಿಯಾಗಿ ಬಾರದೆಂದು ಅರ್ಜಿಯಲ್ಲೇ ಬರೆಯಿರಿ. ನೇಮಕಗೊಂಡ ವಕೀಲರು ಅವನನ್ನು ಕಂಡು ಮಾತಾಡದಿದ್ದರೆ, ಅವರನ್ನು ಬದಲಿಸಿಕೊಡಿ ಎಂದು ಅದೇ ಕಚೇರಿಗೆ ಲಿಖಿತವಾಗಿ ಕೇಳಬಹುದು.